ಉಪ್ಪಿನ ಹಾಡಾದ ಮೇಲೆ ಹುಣಸೆ ಹಾಡು

"ಮೊದಲ ಉಪ್ಪು ಮಾರಿದ್ವಿ, ಈಗ ಹುಣಸೀಹಣ್ಣು ಮಾರೋಣ್ರಿ ಅಕ್ಕಾರ. ಅದ ರಾಗ, ಅದ ತಾಳ, ಅದ ಗಾಡಿ. ಗಾಡ್ಯಾಗಿನ ಮಾಲಷ್ಟ ಬ್ಯಾರೆ."

ಕ್ಯಾಸೆಟ್ ಕಂಪನಿಯ ಯಜಮಾನರು ಹೀಗೆಂದಾಗ ನಾನು ಸ್ಟುಡಿಯೋದ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಗದಗಿನ ಕಡೆಯಿಂದ ಬಂದು ಮದ್ರಾಸಿನಲ್ಲಿ ಜವಳಿ ವ್ಯಾಪಾರಕ್ಕೆ ನಿಂತ ಮನೆತನ ಅವರದು. ಊರಿಗೆ ಚೆನ್ನೈ ಎಂದು ಹೆಸರಾಗಿ ಒಂದೆರಡು ವರ್ಷವಾಗಿತ್ತು, ನಮ್ಮೆಲ್ಲರ ಬಾಯಿಗೆ ಇನ್ನೂ ಮದ್ರಾಸೇ ಬರುತ್ತಿತ್ತು. ಸೀರೆ ಮಾರುವ ಕೈಯಲ್ಲೇ ಅವರು ಕನ್ನಡ ಹಾಡಿನ ಕ್ಯಾಸೆಟ್ಟನ್ನೂ ಮಾರುತ್ತಿದ್ದರು. ಒಂದು ಅಂಚು ಓಡಿತೆಂದರೆ ಅದನ್ನೇ ಬಣ್ಣ ಬದಲಿಸಿ ನೇಯಿಸುವುದು ಜವಳಿಯವರ ರೂಢಿ. ಹಾಡನ್ನೂ ಅವರು ಹಾಗೇ ನೋಡಿದರು. ಅದರಲ್ಲಿ ನನಗೆ ತಕರಾರಿರಲಿಲ್ಲ. ನನ್ನ ತಕರಾರು ಬೇರೆಯೇ ಇತ್ತು.

ನಾನು ಟ್ರ್ಯಾಕ್ ಹಾಡುವವಳು. ಹೆಸರಾದ ಗಾಯಕರಿಗೆ ಪುರುಸೊತ್ತು ಕಡಿಮೆ. ಅವರು ಬರುವ ಮೊದಲೇ ವಾದ್ಯಗಳೆಲ್ಲ ರೆಕಾರ್ಡ್ ಆಗಿರಬೇಕು. ಹಾಡು ಎಲ್ಲಿ ಏಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ವಾದ್ಯದವರಿಗೆ ತಿಳಿಯಲು ಒಂದು ದನಿ ಬೇಕಲ್ಲ, ಅದು ನನ್ನದು. ಆಮೇಲೆ ದೊಡ್ಡವರು ಬಂದು ಹೆಡ್‌ಫೋನಿನಲ್ಲಿ ನನ್ನನ್ನು ಕೇಳಿ ಹಾಡು ಕಲಿತು, ಹಾಡಿ, ಕಾಫಿ ಕುಡಿದು ಹೋಗುತ್ತಾರೆ. ಎಂಜಿನಿಯರ್ ನನ್ನನ್ನು ಅಳಿಸುತ್ತಾನೆ. ಮನೆ ಕಟ್ಟಿದ ಮೇಲೆ ಸಾರುವೆ ಬಿಚ್ಚಿದ ಹಾಗೆ. ಅದಕ್ಕಾಗಿ ಯಾರೂ ಅಳುವುದಿಲ್ಲ, ನಾನೂ ಅತ್ತಿರಲಿಲ್ಲ.

ಈ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಟ್ರ್ಯಾಕ್ ಹಾಡುವವಳು ತನ್ನ ಶ್ರುತಿಯಲ್ಲಿ ಹಾಡುವಂತಿಲ್ಲ. ಹಾಡು ಯಾರದೋ ಶ್ರುತಿಯೂ ಅವರದೇ. ನನ್ನದು ಐದೂವರೆ, ಊರ ಕಡೆಯವರು ಐದೂವರೆ ಮನೆ ಅನ್ನುತ್ತಾರೆ, ಇಲ್ಲಿ ಕಟ್ಟೈ. ಉಪ್ಪಿನ ಹಾಡನ್ನು ಹಾಡಬೇಕಾಗಿದ್ದ ಬೆಂಗಳೂರಿನ ಗಾಯಕಿಯದು ನಾಲ್ಕು. ಹಾರ್ಮೋನಿಯಮ್ಮಿನಲ್ಲಿ ಎಣಿಸಿದರೆ ನನ್ನ ಜಾಗದಿಂದ ಮೂರು ಕೀ ಕೆಳಗೆ. ಹೊಸ್ತಿಲಲ್ಲಿ ನಿಂತ ಸೊಸೆಯೊಬ್ಬಳು ಉಪ್ಪಿನ ಗಾಡಿಯವನನ್ನು ಕರೆಯುವ ಹಾಡು ಅದು. ಕರೆಯುವ ಸಾಲು ಮಂದ್ರ ಪಂಚಮಕ್ಕೆ ಇಳಿಯುತ್ತದೆ. ಅಲ್ಲಿಗೆ ಇಳಿದಾಗಲೆಲ್ಲ ನನ್ನ ಗಂಟಲು ಕರಕರ ಎನ್ನುತ್ತಿತ್ತು. ಟ್ರ್ಯಾಕ್ ತಾನೆ, ಯಾರು ಕೇಳುತ್ತಾರೆ ಎಂದು ಆ ಕರಕರವನ್ನು ಹಾಗೇ ಬಿಟ್ಟಿದ್ದೆ.

ಲೋಕವೇ ಕೇಳಿತು. ಆ ಗಾಯಕಿ ವಿದೇಶದ ಕಾರ್ಯಕ್ರಮಕ್ಕೆಂದು ಹೋದವರು ಅಲ್ಲೇ ಗಂಟಲು ಕೆಟ್ಟು ಮಲಗಿದರು. ಯುಗಾದಿಗೆ ಕ್ಯಾಸೆಟ್ ಅಂಗಡಿಯಲ್ಲಿರಬೇಕು. ಕವರುಗಳು ಗಾಯಕಿಯ ಫೋಟೋ, ಹೆಸರು ಸಮೇತ ಶಿವಕಾಶಿಯಲ್ಲಿ ಅಚ್ಚಾಗಿ ಬಂದುಬಿಟ್ಟಿದ್ದವು. ಕ್ಯಾಸೆಟ್ಟಿನಲ್ಲಿ ಎಂಟು ಹಾಡು. ಉಳಿದ ಏಳನ್ನು ಅವರು ಹಾಡಿ ಮುಗಿಸಿದ್ದರು. ಕೊನೆಯದೊಂದು ಹೇಗಿದೆಯೋ ಹಾಗೇ ಹೋಗಲಿ ಎಂದರು ಯಜಮಾನರು. ನನಗೆ ಯಾರೂ ಹೇಳಲಿಲ್ಲ. ಸೋದರಮಾವನ ಮಗನ ಮುಂಜಿಗೆಂದು ಬೆಂಗಳೂರಿಗೆ ಹೋದಾಗ ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲಿ ಅದು ಕೂಗುತ್ತಿತ್ತು. ಅದು ನನ್ನ ಗಂಟಲೆಂದು ಗುರುತು ಹಚ್ಚಲು ನನಗೇ ಒಂದು ಚರಣ ಹಿಡಿಯಿತು. ಅಂಗಡಿಯವನು ಕವರು ತೋರಿಸಿ, ಈ ಮೇಡಂ ಇಷ್ಟು ದಿನ ಹೀಗೆ ಹಾಡಿರಲೇ ಇಲ್ಲ ಎಂದ. ಏಳು ಹಾಡು ಅವರೇ ಹಾಡಿದ್ದರು, ಓಡಿದ್ದು ಎಂಟನೆಯದು.

ವಾಪಸು ಬಂದು ಸಂಗೀತ ನಿರ್ದೇಶಕನನ್ನು ಕೇಳಿದೆ. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವನು, ನನಗಿಂತ ಚಿಕ್ಕವನು, ಕೆಟ್ಟವನಲ್ಲ. "ಅಕ್ಕಾ, ಕೊಂಚ ಅಡ್ಜಸ್ಟ್ ಮಾಡ್ಕೊಳ್ಳಿ. ನೆಕ್ಸ್ಟ್ ಕ್ಯಾಸೆಟ್‌ನಲ್ಲಿ ಪಾತ್ಕಲಾಂ, ಸರಿಯಾ?" ಅಂದ. ಆಮೇಲೆ ನೋಡಿಕೊಳ್ಳೋಣ ಎಂಬ ಆ ತಮಿಳು ಮಾತನ್ನು ನಂಬಿ ಈ ಊರಿನಲ್ಲಿ ಎಷ್ಟು ಜನ ಮುದುಕರಾದರೋ.

ಆ ನೆಕ್ಸ್ಟ್ ಕ್ಯಾಸೆಟ್ಟೇ ಈ ಹುಣಸೆಹಣ್ಣು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಓಡಿದ ಹಾಡಿನ ಹಾಗೇ ಇನ್ನೊಂದು ಮಾಡುವುದು ಕಳ್ಳತನ ಎಂದು ಮೂಗು ಮುರಿಯುವವರು ಬಹಳ ಮಂದಿ. ತ್ರಿಪ್ಲಿಕೇನಿನ ನಮ್ಮ ಓಣಿಯ ಹೆಂಗಸರು ಶುಕ್ರವಾರ ನಮ್ಮ ಅಮ್ಮನ ಮುಂದಾಳತ್ವದಲ್ಲಿ ಭಜನೆಗೆ ಕೂತರೆ ಒಂದೇ ಮಟ್ಟಿಗೆ ಹತ್ತು ಹಾಡು ಹೇಳುತ್ತಾರೆ. ಲಕ್ಷ್ಮಿಗೆ ಹೇಳಿದ ಮಟ್ಟಿನಲ್ಲೇ ತುಳಸಿಗೆ, ತುಳಸಿಗೆ ಹೇಳಿದ್ದರಲ್ಲೇ ಹನುಮಂತನಿಗೆ. ಯಾವ ದೇವರೂ ಇದುವರೆಗೆ ದೂರು ಕೊಟ್ಟಿಲ್ಲ. ಆದರೆ ಪದ್ದಮ್ಮ ಹೇಳಿದ ಹಾಡನ್ನು ಕಮಲಮ್ಮ ಹೇಳಿದ್ದು ಅಂದು ನೋಡಿ, ಭಜನೆ ಅಲ್ಲಿಗೇ ಮುರಿದುಬೀಳುತ್ತದೆ. ಮಟ್ಟು ಎಲ್ಲರದು, ಗಂಟಲು ಒಬ್ಬರದು. ನನಗೆ ಗೊತ್ತಿದ್ದ ಸಂಗೀತಶಾಸ್ತ್ರ ಇಷ್ಟೇ.

ಟ್ರ್ಯಾಕ್ ದಿನ ನಿರ್ದೇಶಕ ಕೀಬೋರ್ಡಿಗೆ ಹಳೆಯ ಫ್ಲಾಪಿಯನ್ನೇ ಹಾಕಿದ. ಉಪ್ಪಿನ ಹಾಡಿನ ತಾಳ, ಲಯ, ಕೆಳಗಿನ ಗುಂಯ್ ಎಂಬ ನಾದ ಎಲ್ಲ ಅದರಲ್ಲೇ ಕೂತಿತ್ತು. ಕೊಳಲಿದ್ದಲ್ಲಿ ಕ್ಲಾರಿನೆಟ್ ಬರೆದ. ಮ್ಯಾಂಡೊಲಿನ್ನಿನ ತುಣುಕನ್ನು ಹಿಂದುಮುಂದು ಮಾಡಿದ. ಪಲ್ಲವಿಯ ಮೊದಲ ಸ್ವರವೊಂದನ್ನು ಬದಲಿಸಿ, ಎರಡನೆಯದರಿಂದ ಸೀದಾ ಹಳೆಯ ದಾರಿಗೆ ಸೇರಿಕೊಂಡ. ಸೊಸೆ ಅವಳೇ, ಹೊಸ್ತಿಲು ಅದೇ, ಗಾಡಿಯಲ್ಲಿ ಹುಣಸೆಹಣ್ಣು. ಕರೆಯುವ ಸಾಲು ಮತ್ತೆ ಮಂದ್ರ ಪಂಚಮಕ್ಕೇ ಇಳಿಯಿತು.

"ಶ್ರುತಿ?" ಎಂದು ಕೇಳಿದೆ.

"ನಾಲ್ಕೇ ಅಕ್ಕಾ. ಆ ಮೇಡಮ್ಮೇ ತಾನೆ ಹಾಡೋದು. ಕವರ್ ಕೂಡ ಪ್ರಿಂಟಿಂಗ್‌ಗೆ ಹೋಯ್ತು."

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಇವರಿಗೆ ಕೆಟ್ಟ ಮೇಲೂ ಬಂದಿರಲಿಲ್ಲ. ಹಾಡು ಹುಟ್ಟುವ ಮೊದಲೇ ಮತ್ತೆ ಹೆಸರಿಟ್ಟು ಅಚ್ಚು ಹಾಕಿಸಿದ್ದರು. ಸಿಟ್ಟು ನುಂಗಿಕೊಂಡು ಮೈಕಿನ ಮುಂದೆ ನಿಂತೆ. "ಆ ಕರಕರ ಬರ್ಲಿ ಅಕ್ಕಾ, ಮೇಡಂ ಅದನ್ನ ಕೇಳಿ ಹಾಗೇ ಹಾಡ್ಬೇಕು," ಎಂದು ಗಾಜಿನ ಆಚೆಯಿಂದ ನಿರ್ದೇಶಕನ ದನಿ ಬಂತು. ನನ್ನ ಗಂಟಲನ್ನು ಇನ್ನೊಬ್ಬರಿಗೆ ಪಾಠ ಹೇಳಿಕೊಡಲು ನನ್ನನ್ನೇ ಕರೆಸಿದ್ದರು. ಹಾಡಿದೆ. ಒಂದೇ ಟೇಕ್. ಯಜಮಾನರು ತೊಡೆ ತಟ್ಟಿ ಭೇಷ್ ಎಂದರು.

ಮರುವಾರ ಗಾಯಕಿ ಬಂದರು. ಆ ದಿನ ನಾನಿರಲಿಲ್ಲ. ನಡೆದದ್ದನ್ನು ಆಮೇಲೆ ಢೋಲಕ್‌ನವರು ಹೇಳಿದರು. ಅವರು ಚೆನ್ನಾಗಿಯೇ ಹಾಡಿದರಂತೆ. ತಪ್ಪಾದದ್ದೂ ಅಲ್ಲೇ. ನಾಲ್ಕು ಅವರ ಸ್ವಂತ ಶ್ರುತಿ. ಮಂದ್ರ ಪಂಚಮ ಅವರಿಗೆ ನಡುಮನೆ ಇದ್ದ ಹಾಗೆ, ಅಲ್ಲಿ ಅವರ ದನಿ ಬೆಣ್ಣೆ. ಕರಕರ ಎಲ್ಲಿಂದ ಬರಬೇಕು? ಯಜಮಾನರು ಕೇಳಿ, "ಇದು ಉಪ್ಪಿನ ಹಾಡು ಹಾಡಿದಾಕಿ ದನಿ ಅಲ್ಲ," ಅಂದರಂತೆ, ಆ ಗಾಯಕಿಯ ಎದುರಿಗೇ. ತಾವೇ ಕಟ್ಟಿದ ಸುಳ್ಳನ್ನು ತಾವೇ ಅಷ್ಟು ಗಟ್ಟಿಯಾಗಿ ನಂಬಿದ್ದರು.

ಆಮೇಲೆ ಶುರುವಾಯಿತು ರಿಪೇರಿ. ಟೇಪಿನ ವೇಗ ತಗ್ಗಿಸಿ ಶ್ರುತಿಯನ್ನು ಇನ್ನೂ ಒಂದು ಕೀ ಇಳಿಸಿದರು. ಗಾಯಕಿ ತಡವರಿಸಲಿ, ಗಂಟಲು ಒರಟಾಗಲಿ ಎಂದು. ಅವರು ತಡವರಿಸಲಿಲ್ಲ, ಕೆಮ್ಮಿದರು. ಟೇಪಿನಲ್ಲಿದ್ದ ಢೋಲಕ್ಕು ತೊಗಲು ಸಡಿಲಾದ ಹಾಗೆ ಡಬಡಬ ಎಂದಿತು. ಮತ್ತೆ ಏರಿಸಿದರು. ಹೆಡ್‌ಫೋನಿನಲ್ಲಿ ನನ್ನ ಟ್ರ್ಯಾಕನ್ನು ಜೋರಾಗಿ ಇಟ್ಟು, ಇದರ ಮೇಲೇ ಹಾಡಿ, ಇವರು ಉಸಿರು ತೆಗೆದಲ್ಲೇ ತೆಗೆಯಿರಿ ಎಂದರು. ಸಾಲು ಸಾಲಾಗಿ ಪಂಚ್ ಮಾಡಿದರು, ಅಂದರೆ ಬೇಕಾದ ತುಂಡನ್ನಷ್ಟೇ ಮತ್ತೆ ಹಾಡಿಸಿ ಹಳೆಯದರ ಮೇಲೆ ಕೂಡಿಸುವುದು. ಎಂಜಿನಿಯರ್ ದನಿಯ ಮೇಲುಭಾಗವನ್ನು ತಿರುಗಿಸಿ ತಿರುಗಿಸಿ ಚೂಪು ಮಾಡಿದ. ಕೊನೆಗೆ ಬಂದದ್ದು ನೆಗಡಿಯಾದ ಬೆಣ್ಣೆ.

ಅದಾದ ಮೇಲೆ ನನಗೆ ಫೋನ್ ಬಂತು. ಬೆಳಗ್ಗೆ ಒಂಬತ್ತಕ್ಕೆ ಬನ್ನಿ ಅಕ್ಕಾ, ಸಣ್ಣ ಕೆಲಸ.

"ಹೆಸರಿಲ್ಲದ ಹಾಡಿಗೆ ಮತ್ತೆ ಹೊರಟ್ಯಾ?" ಎಂದರು ಅಮ್ಮ.

"ಇಲ್ಲಮ್ಮ, ಈ ಸಲ ಕೇಳ್ಕೊಂಡೇ ಬರ್ತೀನಿ."

ಹೋದಾಗ ಗಾಯಕಿ ಕಂಟ್ರೋಲ್ ರೂಮಿನ ಸೋಫಾದಲ್ಲಿ ಶಾಲು ಹೊದ್ದು ಕೂತಿದ್ದರು. ಮೂಲೆಯಲ್ಲಿ ಶಿವಕಾಶಿಯಿಂದ ಬಂದ ಕವರಿನ ಕಟ್ಟುಗಳು. ಮೇಲಿನ ಕಟ್ಟಿನಲ್ಲಿ ಅದೇ ಗಾಯಕಿಯ ಫೋಟೋ, ಹಿಂದೆ ಹುಣಸೆಮರ. ನಿರ್ದೇಶಕ ನನ್ನ ಮುಖ ನೋಡದೆ ಕೆಲಸ ವಿವರಿಸಿದ. ಮೇಡಂ ಹಾಡಿದ್ದು ಮೇಲಿರುತ್ತದೆ. ಅದರ ಅಡಿಗೆ ನನ್ನ ದನಿಯನ್ನು ತಗ್ಗಿಸಿ ಇಡುತ್ತಾರೆ. ಮಂದ್ರದ ಸಾಲು ಬಂದಾಗ ಮಾತ್ರ ನನ್ನದನ್ನು ಎತ್ತಿ ಅವರದನ್ನು ಇಳಿಸುತ್ತಾರೆ. ನನ್ನ ಟ್ರ್ಯಾಕ್ ಅವರ ಉಸಿರಿಗೆ ಕೂಡುತ್ತಿಲ್ಲವಾದ್ದರಿಂದ, ಈಗ ನಾನು ಅವರನ್ನು ಕೇಳಿಕೊಂಡು ಅವರ ಹಾಗೆ ಹಾಡಬೇಕು.

ನಾನು ಲೆಕ್ಕ ಹಾಕಿದೆ. ಅವರು ನನ್ನ ಹಾಗೆ ಹಾಡಲು ನೋಡಿದ್ದರು. ಈಗ ನನ್ನ ಹಾಗೆ ಹಾಡಲು ನೋಡಿದ ಅವರ ಹಾಗೆ ನಾನು ಹಾಡಬೇಕು. ನಗು ಬಂತು. ನಗು ಮುಗಿದ ಮೇಲೆ ಅವಮಾನವಾಯಿತು. ಮೊದಲ ಸಲ ನನ್ನ ದನಿ ಕೈತಪ್ಪಿ ಹೊರಗೆ ಹೋಗಿತ್ತು, ಯಾರ ಉದ್ದೇಶವೂ ಅದಾಗಿರಲಿಲ್ಲ. ಈ ಸಲ ನನ್ನನ್ನು ಕೂರಿಸಿ, ಕೇಳಿ, ನನ್ನ ಒಪ್ಪಿಗೆಯಿಂದಲೇ ನನ್ನನ್ನು ಹೂಳುವವರಿದ್ದರು. ಇವತ್ತು ಹೂಂ ಅಂದರೆ ಉಪ್ಪಿನ ಹಾಡೂ ಹೋಯಿತು, ಇನ್ನು ಮೇಲೆ ಅದು ನನ್ನದೆಂದು ಹೇಳಲು ನನಗೇ ಬಾಯಿರುವುದಿಲ್ಲ.

"ಹಾಡ್ತೀನಿ ಸಾರ್. ಕವರ್ ಮೇಲೆ ನನ್ನ ಹೆಸರು ಹಾಕಿ," ಎಂದೆ.

ಯಜಮಾನರು ನೊಂದವರ ಹಾಗೆ ನನ್ನನ್ನು ನೋಡಿದರು. "ಹಾಕಾಕ ನಂದೇನೂ ಅಡ್ಡಿ ಇಲ್ರಿ ಅಕ್ಕಾರ. ಆದ್ರ ಮಂದಿ ಏನಂತಾರ? ಉಪ್ಪಿನ ಹಾಡು ಹಾಡಿದಾಕಿ ಬ್ಯಾರೆ, ಇದ್ಯಾರೋ ಆಕಿ ದನಿ ನಕಲು ಮಾಡ್ಯಾಳ ಅಂತಾರ. ಖರೇ ಮಾಲಿಗೆ ನಕಲಿ ಚೀಟಿ ಹಚ್ಚಿದಂಗ ಆಗ್ತದ."

"ನಕಲಿ ಚೀಟಿ ಹಚ್ಚಿದ್ದು ಮೊದಲನೇದಕ್ಕೆ. ಈಗ ಅದನ್ನ ಕಿತ್ತು ಹಾಕಿ ಅಂತಿದೀನಿ, ಅಷ್ಟೆ."

"ಹಂಗ ಮಾಡಾಕ ಬರೂದಿಲ್ರಿ."

"ಹಾಗಿದ್ರೆ ನನಗೂ ಬರೋದಿಲ್ಲ ಸಾರ್. ಟ್ರ್ಯಾಕ್ ಅಂತ ಕರೀರಿ, ಹಾಡಿ ಅಳಿಸ್ಕೊಂಡು ಹೋಗ್ತೀನಿ. ಅದು ನನ್ನ ಕೆಲಸ. ಅಳಿಸದೆ ಬಚ್ಚಿಡೋಕೆ ಅಂತ ಹಾಡೋಲ್ಲ."

ನಿರ್ದೇಶಕ ಕೀಬೋರ್ಡಿನ ಧೂಳು ಒರೆಸತೊಡಗಿದ. ಧೂಳೇನೂ ಇರಲಿಲ್ಲ. ಬ್ಯಾಗ್ ತೆಗೆದುಕೊಂಡು ಎದ್ದೆ. ಈ ಊರಿನಲ್ಲಿ ಕನ್ನಡ ಟ್ರ್ಯಾಕಿಗೆ ಕರೆಯುವವರು ಬೆರಳೆಣಿಕೆಯವರು, ಅವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಬಾಗಿಲು ದಾಟಿದರೆ ನಾಳೆ ಮಧ್ಯಾಹ್ನದೊಳಗೆ ನನಗೆ ಜಗಳಗಂಟಿ ಎಂಬ ಹೆಸರು ಬಂದಿರುತ್ತದೆ. ಕವರಿನ ಮೇಲೆ ಬರದಿದ್ದ ಹೆಸರು ಹೀಗಾದರೂ ಬರಲಿ ಎಂದುಕೊಂಡೆ.

"ನನ್ನನ್ನೂ ಒಂದು ಮಾತು ಕೇಳಿ," ಎಂದರು ಸೋಫಾದ ಮೇಲಿದ್ದ ಗಾಯಕಿ.

ಎಲ್ಲರೂ ತಿರುಗಿದೆವು. ಅವರ ದನಿ ಕೂತುಹೋಗಿತ್ತು.

"ಸ್ಟೇಜ್ ಮೇಲೆ ಹೋದ್ರೆ ಸಾಕು, ಉಪ್ಪಿನ ಹಾಡು ಉಪ್ಪಿನ ಹಾಡು ಅಂತ ಕೂಗ್ತಾರೆ. ಹಾಡ್ತೀನಿ. ಕೆಳಗೆ ಇಳಿದ್ರೆ, ಕ್ಯಾಸೆಟ್‌ನಲ್ಲಿದ್ದ ಹಾಗೆ ಬರ್ಲಿಲ್ಲ ಮೇಡಂ ಅಂತಾರೆ. ಇಷ್ಟು ವರ್ಷ ಹಾಡಿ, ನನ್ನ ಹಾಡು ನನಗೇ ಬರೋಲ್ಲ ಅನ್ನಿಸ್ಕೊಂಡೆ. ಇನ್ನೊಂದು ಅಂಥದ್ದು ನನಗೆ ಬೇಡ ಸಾರ್. ಇದರಲ್ಲಿ ನನ್ನ ದನಿ ಇಡಬೇಡಿ." ನನ್ನ ಕಡೆ ನೋಡಿ ಸೇರಿಸಿದರು: "ನಿಮ್ಮ ಮೇಲೆ ಪ್ರೀತಿ ಉಕ್ಕಿ ಹೇಳ್ತಿಲ್ಲ ರೀ. ನಿಮ್ಮಿಂದ ನನಗೆ ಬಹಳ ತೊಂದರೆ ಆಗಿದೆ."

"ನಿಮ್ಮಿಂದ ನನಗೂ," ಎಂದೆ. ಅವರು ನಕ್ಕರು. ಶಾಲು ಸರಿಮಾಡಿಕೊಂಡು, ಕಾರು ತರಿಸಿ ಎಂದು ಹೇಳಿ ಹೊರಗೆ ಹೋದರು.

ಯಜಮಾನರು ಕವರಿನ ಕಟ್ಟುಗಳನ್ನು ನೋಡಿದರು, ಗೋಡೆಯ ಕ್ಯಾಲೆಂಡರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ದಸರೆಯ ವ್ಯಾಪಾರ ಹತ್ತಿರದಲ್ಲಿತ್ತು. "ಆತ್ರಿ, ಈ ಹಾಡಿನ ಮುಂದಿನ ಹೆಸರಿನ ಮ್ಯಾಲ ಒಂದು ಸ್ಟಿಕ್ಕರ್ ಹಚ್ಚಸ್ತೀನಿ," ಎಂದರು. "ಟ್ರ್ಯಾಕ್ ಹೆಂಗೂ ಐತಿ. ಅದನ್ನ ಹಂಗ ಹೊರಗ ಬಿಡೂಣ."

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೆಸರು ಸಿಕ್ಕಿತ್ತು, ಕೆಲಸ ಉಳಿದಿತ್ತು. ಆದರೆ ಆ ಟ್ರ್ಯಾಕ್ ನಾಲ್ಕರಲ್ಲಿ ಹಾಡಿದ್ದು. ಅದು ಹೊರಗೆ ಬಂದರೆ ಇನ್ನು ಮುಂದೆ ಜೀವಮಾನವಿಡೀ ನಾನು ಆ ಮೂರು ಕೀ ಕೆಳಗಿನ ನೆಲಮಾಳಿಗೆಯಲ್ಲೇ ಇರಬೇಕು. ಉಪ್ಪು, ಹುಣಸೆ, ಆಮೇಲೆ ಬೆಲ್ಲ, ಆಮೇಲೆ ಮೆಣಸಿನಕಾಯಿ, ಎಲ್ಲಕ್ಕೂ ಕರಕರ. ಗಂಟಲು ಎಷ್ಟು ವರ್ಷ ತಡೆದೀತು?

"ಆ ಟ್ರ್ಯಾಕ್ ಅಳಿಸಿ," ಎಂದೆ. "ಹೊಸದಾಗಿ ಹಾಡ್ತೀನಿ. ಐದೂವರೆಗೆ ಏರಿಸಿ."

ನಿರ್ದೇಶಕ ತಲೆ ಎತ್ತಿದ. "ಅಕ್ಕಾ, ವೇಣಾಂ, ಬೇಡ. ಮ್ಯಾಂಡೊಲಿನ್, ಕ್ಲಾರಿನೆಟ್ ಎಲ್ಲ ನಾಲ್ಕರಲ್ಲಿ ರೆಕಾರ್ಡ್ ಆಗಿದೆ. ಟೇಪ್ ಸ್ಪೀಡ್ ಜಾಸ್ತಿ ಮಾಡಿದ್ರೂ ಅಷ್ಟು ಏರಲ್ಲ. ಎಲ್ಲಾ ವೇಸ್ಟ್ ಆಗತ್ತೆ."

"ಕೀಬೋರ್ಡಿನದು ಬಟನ್ ಒತ್ತಿದ್ರೆ ಏರತ್ತೆ ತಾನೆ? ಢೋಲಕ್‌ನವರು ಇಲ್ಲೇ ಇದಾರೆ. ಅಷ್ಟು ಸಾಕು. ಒಂದು ಟೇಕ್ ಕೇಳಿ, ಬೇಡ ಅನ್ನಿಸಿದ್ರೆ ನಾನು ಮನೆಗೆ ಹೋಗ್ತೀನಿ."

ಅವನು ಅಪ್ಪಣೆಗೆಂದು ಯಜಮಾನರ ಮುಖ ನೋಡಲಿಲ್ಲ; ಅದಕ್ಕೆ ಇವತ್ತಿಗೂ ಅವನ ಮೇಲೆ ನನಗೆ ಗೌರವ. ಬಟನ್ ಒತ್ತಿದ. ಮ್ಯಾಂಡೊಲಿನ್, ಕ್ಲಾರಿನೆಟ್ ಮುಚ್ಚಿದ. ಢೋಲಕ್‌ನವರು ಬಿಗಿ ಹಾಕಿ ಹಾಕಿ ನೋಡಿ, "ಇನ್ನ ಬಿಗಿದ್ರೆ ಹರಿಯತ್ತೆ ಮಾ," ಎಂದು ನಿಲ್ಲಿಸಿದರು. ಹೆಡ್‌ಫೋನಿನಲ್ಲಿ ಷಡ್ಜ ಕೇಳಿದಾಗ ನನ್ನ ಕಣ್ಣು ತುಂಬಿತು. ಅಷ್ಟು ವರ್ಷ ಸ್ಟುಡಿಯೋಗಳಲ್ಲಿ ನಿಂತಿದ್ದೇನೆ, ಮೈಕಿನ ಮುಂದೆ ನನ್ನ ಷಡ್ಜವನ್ನು ನಾನು ಕೇಳಿದ್ದು ಅವತ್ತೇ.

ಅದೇ ಮಟ್ಟು ಹಾಡಿದೆ. ಒಂದು ಸ್ವರವನ್ನೂ ಬದಲಿಸಲಿಲ್ಲ. ಕರೆಯುವ ಸಾಲಿನಲ್ಲಿ ಕರಕರವಿಲ್ಲ. ಹಳೆಯ ಹಾಡಿನ ಸೊಸೆ ಅತ್ತೆಗೆ ಕೇಳಿಸದ ಹಾಗೆ ಕರೆದಿದ್ದಳು, ಇವಳು ಓಣಿಗೆಲ್ಲ ಕೇಳಿಸುವ ಹಾಗೆ ಕರೆದಳು.

"ಮೇಡಂ, ಇದು ವೇರೆ ಆಳ್ ಮಾದಿರಿ ಇರುಕ್ಕು," ಎಂದ ಎಂಜಿನಿಯರ್. ಬೇರೆ ಯಾರೋ ಹಾಡಿದ ಹಾಗಿದೆಯಂತೆ.

"ಅದ ಹೇಳಿದ್ನಲ್ರಿ, ಉಪ್ಪಿನ ದನಿ ಇದಲ್ಲ," ಎಂದರು ಯಜಮಾನರು.

"ಉಪ್ಪಿನದು ಅವರ ಶ್ರುತಿ ಸಾರ್. ಇದು ನನ್ನದು. ಬೇಕೋ ಬೇಡವೋ ಹೇಳಿ."

ಅವರು ಟೇಪಿನ ಕಡೆ ಕೈ ತೋರಿಸಿದರು. ಇನ್ನೊಮ್ಮೆ ಹಾಕ್ರಿ ಎಂದರು. ಮತ್ತೊಮ್ಮೆ ಹಾಕ್ರಿ ಎಂದರು. ಮೂರನೆಯ ಸಲ ಅವರ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿದ್ದುದನ್ನು ನಾನು ನೋಡಿದೆ, ನಿರ್ದೇಶಕನೂ ನೋಡಿದ. "ಕ್ಲಾರಿನೆಟ್‌ನಾವ್ರನ್ನ ನಾಳಿ ಕರಸ್ರಿ. ಮ್ಯಾಂಡೊಲಿನ್ ಬ್ಯಾಡ," ಎಂದು ಎದ್ದು ಹೋದರು.

ಹುಣಸೆ ಹಾಡು ದಸರೆಗೆ ಹೊರಬಂತು. ಗಾಯಕಿಯ ಫೋಟೋ ಹಾಗೇ ಉಳಿಯಿತು, ಹುಣಸೆ ಹಾಡಿನ ಮುಂದಿದ್ದ ಅವರ ಹೆಸರಿನ ಮೇಲೆ ನನ್ನ ಹೆಸರಿನ ಸ್ಟಿಕ್ಕರ್, ಅದೂ ಕೆಲವದರಲ್ಲಿ ಸೊಟ್ಟಗೆ. ಉಪ್ಪಿನಷ್ಟು ಓಡಲಿಲ್ಲ, ನಿಲ್ಲಲೂ ಇಲ್ಲ. ಯಜಮಾನರು ಹೇಳಿದ್ದು ಮಾತ್ರ ಅಕ್ಷರಶಃ ನಿಜವಾಯಿತು. ಬೆಂಗಳೂರಿನ ಪತ್ರಿಕೆಯೊಂದು, ಜನಪ್ರಿಯ ಗಾಯಕಿಯನ್ನು ಅನುಕರಿಸಲು ಹೊರಟ ಹೊಸಬಳ ಪ್ರಯತ್ನ ಎಂದು ಬರೆಯಿತು. ಅಣ್ಣಾ ನಗರದ ಮದುವೆಯೊಂದರಲ್ಲಿ ಕನ್ನಡದ ಹೆಂಗಸೊಬ್ಬರು ನನ್ನ ಕೈ ಹಿಡಿದು, ಮೂಲ ಹಾಡಿನ ಭಾವ ಇದರಲ್ಲಿಲ್ಲ, ಬೇಜಾರು ಮಾಡ್ಕೋಬೇಡಿ ಎಂದರು. ಬೇಜಾರು ಮಾಡಿಕೊಳ್ಳಲಿಲ್ಲ. ನನ್ನನ್ನು ನನ್ನದೇ ನಕಲು ಅಂದರೂ, ಅಂದದ್ದು ನನ್ನ ಹೆಸರು ಹಿಡಿದು ತಾನೆ. ನಾನು ನೆನೆಸಿದ್ದಂತೆ ಸ್ಟುಡಿಯೋಗಳ ಫೋನ್ ನಿಂತಿತು. ಮಕ್ಕಳಿಗೆ ಸಂಗೀತ ಪಾಠ ಹೇಳಿ ತಿಂಗಳುಗಳನ್ನು ತಳ್ಳಿದೆ. ತಮಿಳಿನಲ್ಲಿ ಉತ್ತರ ಕೊಡುವ ಕನ್ನಡದ ಮಕ್ಕಳು. ಹಾಡುವಾಗ ಮಾತ್ರ ಕನ್ನಡ.

ಒಂದು ಬೆಳಗ್ಗೆ ಪಾಠದ ನಡುವೆ ಫೋನ್ ಹೊಡೆದುಕೊಂಡಿತು. ಬೇರೊಂದು ಕಂಪನಿಯವರು.

"ಮೇಡಂ, ಉಪ್ಪಿನ ಹಾಡಿನ ಸ್ಟೈಲ್‌ನಲ್ಲೇ ನಮ್ಮದೊಂದು ಸಾಂಗ್ ಇದೆ. ಆ ಸಿಂಗರ್ ಹಾಗೇ ನೀವು ಹಾಡ್ತೀರಂತೆ. ಟ್ರ್ಯಾಕ್‌ಗೆ ಬರ್ತೀರಾ?"

"ಟ್ರ್ಯಾಕ್ ಹಾಡೋದು ಬಿಟ್ಟಿದೀನಿ," ಎಂದೆ. "ಆ ಸಿಂಗರ್ ಹಾಗೆ ನನಗೆ ಹಾಡೋಕೆ ಬರೋಲ್ಲ. ನನ್ನ ಹಾಗೆ ಬರತ್ತೆ. ಅದು ಬೇಕಿದ್ರೆ ಮತ್ತೆ ಫೋನ್ ಮಾಡಿ."

ಇಟ್ಟುಬಿಟ್ಟೆ. ಅಮ್ಮ ಅಡುಗೆಮನೆಯಿಂದಲೇ, "ಮನೆ ಬಾಗಿಲಿಗೆ ಬಂದ ಕೆಲಸಾನ ಹೀಗಾ ಓಡಿಸೋದು?" ಎಂದರು. ನಾನು ಮಕ್ಕಳಿಗೆ ಮುಂದಿನ ಸಾಲು ಹೇಳಿಕೊಟ್ಟೆ, ಅವರು ತಪ್ಪು ಹೇಳಿದರು, ಮತ್ತೆ ಹೇಳಿಕೊಟ್ಟೆ. ಫೋನ್ ಮತ್ತೆ ಹೊಡೆದುಕೊಂಡಿತು.

"ಮೇಡಂ," ಎಂದಿತು ಅದೇ ದನಿ, "ನಿಮ್ಮ ಶ್ರುತಿ ಯಾವುದು?"